ಅರವತ್ತೆರಡು ಹಾಳೆಗಳಲ್ಲಿ ಚಿಕ್ಕಪ್ಪ

ಆ ಆಫೀಸಿನಲ್ಲಿ ಕಂಪ್ಯೂಟರಿನ ಮೇಲೆ ಕಟ್ಟಡಗಳ ನಕ್ಷೆ ಬರೆಯುವವರು ಏಳು ಜನ. ನಕ್ಷೆಗಳ ರೀತಿಯೂ ಏಳು. ಒಬ್ಬರ ಬಾಗಿಲು ಕೆಂಪು, ಇನ್ನೊಬ್ಬರದು ನೀಲಿ. ಒಬ್ಬರ ಅಕ್ಷರ ಇರುವೆಯಷ್ಟು, ಮತ್ತೊಬ್ಬರದು ಅಂಗಡಿಯ ಬೋರ್ಡಿನಷ್ಟು. ಶಾಲೆ ಕಟ್ಟಿಸುತ್ತಿದ್ದ ಗಿರಾಕಿ ಒಂದು ದಿನ ಹಾಳೆಗಳನ್ನು ಹರಡಿಕೊಂಡು, "ಇದು ಒಂದೇ ಕಟ್ಟಡಾನಾ, ಇಲ್ಲಾ ಏಳು ಜನ ಪಾಲು ಮಾಡ್ಕೊಂಡಿದ್ದೀರಾ?" ಎಂದುಬಿಟ್ಟರು. ಆಫೀಸಿನ ಯಜಮಾನರಿಗೆ ಮುಖ ಎತ್ತಲಾಗಲಿಲ್ಲ. ಕೂಡಲೇ ಆ ಏಳರಲ್ಲಿ ಒಬ್ಬಳಾದ ಗೆರೆಯಕ್ಕನನ್ನು ಕರೆದರು. ಗೆರೆ ಕೂದಲೆಳೆಯಷ್ಟು ದಪ್ಪವಾದರೂ ಸಹಿಸದವಳೆಂದು ಅವಳಿಗೆ ಆ ಹೆಸರು.

"ಇನ್ಮೇಲೆ ಎಲ್ಲರೂ ಒಂದೇ ಟೆಂಪ್ಲೇಟಿಂದ ಶುರು ಮಾಡ್ಬೇಕು. ಹಾಳೆ ಅಳತೆ, ಗೆರೆ, ಅಕ್ಷರ ಎಲ್ಲಾ ಅದ್ರಲ್ಲೇ ಇರ್ಲಿ. ಒಂದು ವಾರ ಸಾಕಲ್ವಾ?"

ಸಾಕು ಎಂದಳು. ಗೆರೆಯ ದಪ್ಪದ ಜಗಳಕ್ಕೇ ಎರಡು ದಿನ ಹೋಯಿತು. ಅದೂ ಮುಗಿಯಿತು. ನಿಜವಾದ ಪೇಚಾಟ ಬಂದದ್ದು ಉತ್ತರ ದಿಕ್ಕಿನಿಂದ.

ಆಫೀಸಿನ ಹಿರಿಯ ನಕ್ಷೆಗಾರರು ಅವಳ ಸ್ವಂತ ಚಿಕ್ಕಪ್ಪ. ಕೈಯಲ್ಲಿ ನಕ್ಷೆ ಬರೆಯುತ್ತಿದ್ದ ಕಾಲದಿಂದಲೂ ಉತ್ತರ ತೋರಿಸಲು ಅವರದೇ ಒಂದು ಬಾಣ. ಅದರ ಸುತ್ತ ಬಳ್ಳಿ, ಬಳ್ಳಿಗೆ ಎಲೆ, ಎಲೆಗೆ ನರ. ಗೆರೆಯಕ್ಕ ಅದನ್ನು ತೆಗೆದು ಸಣ್ಣದೊಂದು ನೆಟ್ಟನೆಯ ಬಾಣ ಹಾಕಿದಳು. ಚಿಕ್ಕಪ್ಪ ಮಾತು ಬಿಟ್ಟರು. ಸಂಜೆ ಚಿಕ್ಕಮ್ಮನ ಫೋನು ಬಂತು.

"ಏನೇ, ಇವ್ರು ಊಟ ಬೇಡ ಅಂತ ಗೋಡೆ ನೋಡ್ಕೊಂಡು ಕೂತಿದ್ದಾರೆ. ಅದೇನೋ ಬಾಣ ಕಿತ್ತೆಯಂತೆ? ಯಾರಿಗೆ ಚುಚ್ಚಿತ್ತು?"

"ಚಿಕ್ಕಮ್ಮಾ, ಆ ಎಲೆಗಳು ಪ್ರಿಂಟಲ್ಲಿ ಮಸಿ ಚೆಲ್ಲಿದ ಹಾಗೆ ಕಾಣ್ತವೆ."

"ಒಂದೆರಡು ಎಲೆ ಉದುರಿಸಿದ್ರೆ ಆಗ್ತಿತ್ತು. ಗಿಡಾನೇ ಯಾಕೆ ಕಡಿದೆ?"

ಮರುದಿನ ನೋಡಿದರೆ ಟೆಂಪ್ಲೇಟಿನಲ್ಲಿ ಬಳ್ಳಿ ಮತ್ತೆ ಚಿಗುರಿತ್ತು. ಅವಳು ಕಿತ್ತಳು. ಮಾರನೆಯ ದಿನ ಮತ್ತೆ ಚಿಗುರಿತು. ಎದುರು ನಿಂತು ಹೇಳಲು ನಾಲಿಗೆ ಏಳದೆ, ಬಾಣದ ಕೆಳಗೆ ಬೇರೆ ಲೇಯರಿನಲ್ಲಿ, ಎಂದರೆ ನಕ್ಷೆಯ ಇನ್ನೊಂದು ಪದರದಲ್ಲಿ, ಬರೆದಳು: "ಚಿಕ್ಕಪ್ಪಾ, ಕೈ ಮುಗೀತೀನಿ, ಮುಟ್ಟಬೇಡಿ." ಪರದೆಯ ಮೇಲೆ ಮಾತ್ರ ಕಾಣಲಿ, ಹಾಳೆಯಲ್ಲಿ ಬರುವುದು ಬೇಡ ಎಂದೇ ಅವಳ ಲೆಕ್ಕಾಚಾರ. ಆದರೆ ಆ ಲೇಯರಿನ ಪ್ರಿಂಟು ಬಂದ್ ಮಾಡಲು ಮರೆತಳು.

ಸೋಮವಾರ ಅದೇ ಟೆಂಪ್ಲೇಟಿನಿಂದ ಬಂದ ಶಾಲೆಯ ಅರವತ್ತೆರಡು ಹಾಳೆಗಳು ಸೈಟಿಗೆ ಹೋದವು. ಮಂಗಳವಾರ ಕಂಟ್ರಾಕ್ಟರರ ಫೋನು. ಯಜಮಾನರು ಸ್ಪೀಕರಿಗೆ ಹಾಕಿದರು.

"ಸಾರ್, ಬೆಳಿಗ್ಗೆಯಿಂದ ಕೆಲಸ ನಿಂತಿದೆ. ನಮ್ಮ ಹಿರೇ ಮೇಸ್ತ್ರೀನ ಸೈಟಲ್ಲೆಲ್ಲಾ ಚಿಕ್ಕಪ್ಪ ಅಂತಲೇ ಕರೆಯೋದು. ಒಂದೊಂದು ಹಾಳೇಲೂ ಚಿಕ್ಕಪ್ಪ ಮುಟ್ಟಬೇಡಿ ಅಂತಿದೆ. ಕರಣೆ ಕೆಳಗಿಟ್ಟುಬಿಟ್ಟಿದ್ದಾರೆ. ಬರೆದವರೇ ಬಂದು ಮುಟ್ಟು ಅನ್ಬೇಕಂತೆ."

ಆರು ಕುರ್ಚಿಗಳು ಗೆರೆಯಕ್ಕನ ಕಡೆ ತಿರುಗಿದವು. ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು ಅವಳಿಗೆ. ಚಿಕ್ಕಪ್ಪ ಒಂದು ಹಾಳೆ ತೆಗೆದು ಓದಿದರು. ಇಷ್ಟು ದಿನದಲ್ಲಿ ಮೊದಲ ಸಲ ಮಾತಾಡಿದರು: "ಏಳು, ಹೋಗೋಣ. ಬರೆದಿದ್ದು ನನಗೆ ತಾನೇ?"

ಮೇಸ್ತ್ರಿ ಇಟ್ಟಿಗೆ ರಾಶಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು. "ನಾನು ಕಟ್ಟಿದ ಗೋಡೆ ಒಂದಾದ್ರೂ ವಾಲಿದ್ಯಾ? ಅರವತ್ತೆರಡು ಸಲ ಬೇಡ ಅನ್ನೋಷ್ಟು ಏನು ಮಾಡ್ದೆ?"

"ಅಯ್ಯೋ, ಅದು ನಿಮಗಲ್ಲ, ನನಗೆ," ಎಂದರು ಚಿಕ್ಕಪ್ಪ. "ಈ ಬಾಣ ಮುಟ್ಟಬೇಡಿ ಅಂತ ನಮ್ಮ ಹುಡುಗಿ ಬೇಡ್ಕೊಂಡಿದ್ದು."

ಮೇಸ್ತ್ರಿ ಹಾಳೆಯನ್ನು ಕಣ್ಣಿನ ಹತ್ತಿರ ತಂದರು. "ಇದು ಬಾಣಾನಾ? ಮೊಳೆ ಅಂದ್ಕೊಂಡಿದ್ದೆ."

ಚಿಕ್ಕಪ್ಪನ ಎದೆ ಉಬ್ಬಿತು. ಜೇಬಿನಿಂದ ಪೆನ್ಸಿಲು ತೆಗೆದು, ಹಾಳೆಯ ಹಿಂಬದಿಯಲ್ಲಿ ತಮ್ಮ ಬಾಣವನ್ನು ಎಲೆ, ನರ ಸಮೇತ ಬರೆದರು. "ಇದು ಹೇಗಿದೆ, ಹೇಳಿ."

ಮೇಸ್ತ್ರಿ ಅದನ್ನು ಆ ಕಡೆ ಈ ಕಡೆ ತಿರುಗಿಸಿದರು. "ಸೊಗಸಾಗಿದೆ. ಕಿಟಕಿ ಗ್ರಿಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಉತ್ತರ ಯಾವ ಕಡೆ?"

ಗೆರೆಯಕ್ಕ ನಗು ತಡೆಯಲು ತುಟಿ ಕಚ್ಚಿ ಹಿಡಿದಳು. ಚಿಕ್ಕಪ್ಪ ತಾವೇ ಬರೆದ ಬಾಣವನ್ನು ಇಣುಕಿ ನೋಡಿದರು; ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕವರೂ ಅವರೇ. ಮೇಸ್ತ್ರಿ ಕರಣೆ ಎತ್ತಿಕೊಂಡರು.

ಮಧ್ಯಾಹ್ನ ಚಿಕ್ಕಪ್ಪ, ಗೆರೆಯಕ್ಕ ಇಬ್ಬರೂ ಒಂದೇ ಪರದೆಯ ಮುಂದೆ ಕೂತು ಬಾಣ ತಿದ್ದಿದರು. ತಲೆ ದಪ್ಪ ಮಾಡಿಸಿದ್ದು ಚಿಕ್ಕಪ್ಪ; ಬಾಲಕ್ಕೆ ಒಂದು ಪುಟ್ಟ ಸುರುಳಿ ಬಿಟ್ಟುಕೊಟ್ಟದ್ದು ಅವಳು. ಪ್ರಿಂಟು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಬೇಡದ ಬರಹ ಉಳಿದಿದೆಯೇ ಎಂದು ಮೂಲೆ ಮೂಲೆ ತಡಕಿದರು. ಅವಳು ಫೈಲಿಗೆ ಪಾಸ್‌ವರ್ಡ್ ಹಾಕಲು ಹೊರಟಾಗ ಚಿಕ್ಕಪ್ಪ ಎದ್ದು ಬೆನ್ನು ತಿರುಗಿಸಿ ನಿಂತರು.

"ನನಗೆ ಹೇಳ್ಬೇಡ ಮಗಳೇ. ಗೊತ್ತಿದ್ರೆ ನನ್ನ ಕೈ ಸುಮ್ನಿರಲ್ಲ."