ಯಾರದೂ ಅಲ್ಲದ ಹೆಸರು

"ಗುತ್ತೆವ್ವಾ, ಬಾ, ಎಂಜಲಾ ತಿನ್ನು ಬಾ!" ಎಂದು ಪರಮೇಶಪ್ಪ ಓಣಿ ತುಂಬ ಕೂಗುವಷ್ಟರಲ್ಲಿ ಗೋಣೆಪ್ಪ ಕೊಡಲಿ ಹಿಡಿದು ಹೊರಗೆ ಬಂದೇಬಿಟ್ಟ. ಗುತ್ತೆವ್ವ ಎಂಬುದು ಗೋಣೆಪ್ಪನ ತಾಯಿಯ ಹೆಸರು. ಆಕೆ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಹೊಲದ ಬದುವಿನ ಜಗಳದಲ್ಲಿ ಸೋತ ಪರಮೇಶಪ್ಪ ತನ್ನ ಹೆಣ್ಣುನಾಯಿಗೆ ಆ ಹೆಸರಿಟ್ಟು ಸೇಡು ತೀರಿಸಿಕೊಳ್ಳುತ್ತಿದ್ದ. ಎಂಥ ಗಂಡಸುತನ ನೋಡಿ!

ನಾಲ್ಕು ಜನ ಸೇರಿ ಇಬ್ಬರನ್ನೂ ಕಟ್ಟೆಗೆ ಎಳೆದು ತಂದರು. ಹತ್ತಿಮತ್ತೂರಿನ ಹಿರಿಯ ಉಳವಪ್ಪ ಒಂದೇ ಮಾತಿನಲ್ಲಿ ತೀರ್ಮಾನ ಹೇಳಿದ. "ನಾಯಿ ಹೆಸರು ಬದಲಾಗಬೇಕು. ಈಗಿಂದೀಗ. ಯಾರ ಮನ್ಯಾಗೂ ಇರಬಾರದು, ಅಂಥಾ ಹೆಸರು ಇಡ್ರಿ."

ಹೇಳುವುದು ಸುಲಭ. ಸತ್ತ ಹಿರಿಯರ ಹೆಸರನ್ನೇ ಮೊಮ್ಮಕ್ಕಳಿಗೆ ಇಡುವ ಊರು. ಒಂದೊಂದು ಹೆಸರಿಗೂ ಹತ್ತು ವಾರಸುದಾರರು. ಚಿಮಣಿ ಎಂದರೆ ಅದು ಬಣಗಾರರ ಸೊಸೆಯ ಮುದ್ದಿನ ಹೆಸರು. ಹುಚ್ಚಿ ಎಂದರೆ, "ನಮ್ಮ ಅಜ್ಜಿ ಹುಚ್ಚವ್ವ ನಿಮಗೇನ ಮಾಡಿದ್ಲು?" ಎಂದು ಹುಚ್ಚಪ್ಪ ಎದ್ದು ನಿಂತ. ಕೆಲವರು ನಕ್ಕರು. ಗೋಣೆಪ್ಪ ನಗಲಿಲ್ಲ, ಕೊಡಲಿ ಇನ್ನೂ ಅವನ ತೊಡೆಯ ಮೇಲೇ ಇತ್ತು.

"ಖಲಂದರಾ," ಎಂದ ಉಳವಪ್ಪ, "ನೀ ಹಡಗದಾಗ ದೇಶ ದೇಶ ತಿರಗ್ಯಾಡಿ ಬಂದಾಂವ. ಯಾವುದರ ದೂರ ದೇಶದ ಹೆಸರು ಹೇಳು."

ಖಲಂದರ ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ ಮಾಡಿ, ಹಿಂದಿನ ವರ್ಷವಷ್ಟೇ ಊರಿಗೆ ಮರಳಿದ್ದ. ಒಮ್ಮೆ ಹಡಗು ಕೆಟ್ಟು ಸ್ಪೇನ್ ದೇಶದ ಬಂದರಿನಲ್ಲಿ ತಿಂಗಳುಗಟ್ಟಲೆ ನಿಂತಾಗ, ಬಟ್ಟೆ ಒಗೆಯುವ ಹೆಂಗಸೊಬ್ಬಳ ಜೊತೆ ಅವನದೊಂದು ಸಂಸಾರವಾಗಿತ್ತು. ಒಂದು ಹೆಣ್ಣು ಹುಟ್ಟಿತ್ತು. ಮುಂದೆ ಮತ್ತೊಮ್ಮೆ ಹೋದಾಗ ಅದು ಅವನ ಮಸಿಗೈ ಹಿಡಿದು ನಡೆದಿತ್ತು. ಆಮೇಲೆ ಅಲ್ಲಿ ಕಾಳಗ ಹತ್ತಿ, ಬಂದರಿನ ಮೇಲೆ ಬಾಂಬು ಬಿದ್ದವೆಂದು ಸುದ್ದಿ ಬಂತು. ತಾಯಿ ಮಗಳು ಇದ್ದಾರೋ ಸತ್ತಾರೋ, ಹೇಳುವವರು ಯಾರೂ ಇರಲಿಲ್ಲ. ಇಲ್ಲಿ ಹೆಂಡತಿ ಬಾನುಬಿಗೆ ಇದೊಂದೂ ಗೊತ್ತಿಲ್ಲ. ಮಕ್ಕಳಿಲ್ಲದ ಆಕೆ, ಅವನು ಬಂದಾಗಿನಿಂದ ಹುಲಗೂರು ದರ್ಗಾಕ್ಕೆ ಹರಕೆ ಹೊರುತ್ತಿದ್ದಳು.

ಗೋಣೆಪ್ಪನ ಕೈ ಕೊಡಲಿಯ ಮೇಲೆ ಬಿಗಿಯಾಯಿತು. "ಲಗೂ ಹೇಳೋ ಮಾರಾಯಾ!" ಎಂದು ಯಾರೋ ಕೂಗಿದರು. ಊರಿಗೆ ಬಂದಾಗಿನಿಂದ ಖಲಂದರನ ನಾಲಿಗೆಯ ಮೇಲೆ, ಹೊರಗೆ ಬಾರದೆ, ಇದ್ದದ್ದು ಒಂದೇ ಹೆಸರು.

"ಪಿಲಾರ್. ಸ್ಪೇನ್ ದೇಶದ್ದರಿ," ಅಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಇದು ಯಾರರ ಮನುಷ್ಯಾರ ಹೆಸರೇನೋ?" ಎಂದ ಉಳವಪ್ಪ. "ನಾಳೆ ಮತ್ತ ತಕರಾರು ಬ್ಯಾಡ. ಆಣಿ ಮಾಡಿ ಹೇಳು."

ನೀರು ತರುತ್ತಿದ್ದ ಬಾನುಬಿ ಕೊಡ ಹೊತ್ತುಕೊಂಡೇ ಅಲ್ಲಿ ನಿಂತಿದ್ದಳು. ನನ್ನ ಮಗಳದು ಎಂದು ಖಲಂದರ ಅಂದರೆ ಅವನ ಮನೆಯೂ ಮುರಿಯಿತು, ಈ ಕಟ್ಟೆಯ ರಾಜಿಯೂ ಮುರಿಯಿತು.

"ಅಲ್ಲಾನ ಆಣಿ. ಯಾರ್ದೂ ಅಲ್ರಿ," ಎಂದ ಖಲಂದರ.

ಕೊಡಲಿ ಮನೆಗೆ ಹೋಯಿತು. ಒಂದು ಹೆಣ ಬೀಳುವುದು ತಪ್ಪಿತೆಂದು ಜನ ಖಲಂದರನ ಬೆನ್ನು ತಟ್ಟಿದರು.

ಆದರೆ ಯಾರಿಗೂ ಚುಚ್ಚದ ಹೆಸರಿನ ನಾಯಿ ಪರಮೇಶಪ್ಪನಿಗೆ ಯಾಕೆ ಬೇಕು? ಗೋಣೆಪ್ಪನ ಮೇಲಿನ ಸಿಟ್ಟನ್ನೆಲ್ಲ ಅದರ ಮೇಲೆ ತೀರಿಸತೊಡಗಿದ. ಮುಂಜಾನೆ, ಸಂಜೆ ಓಣಿಯಲ್ಲಿ "ಪಿಲಾರ್" ಎಂಬ ಗದರಿಕೆ, ಹಿಂದೆಯೇ ಬಡಿಗೆಯ ಸಪ್ಪಳ, ನಾಯಿಯ ಚೀರಾಟ. ತಾಳಲಾರದೆ ಖಲಂದರ ಅವನ ಬಾಗಿಲಿಗೆ ಹೋದ.

"ಹೊಡೀಬ್ಯಾಡ್ರಿ, ಸಾಹುಕಾರ್ರ."

"ನಾಯಿ ನಂದು. ನಿನ್ನ ಮಗಳನ್ನೇನು ಹೊಡ್ಯಾಕತ್ತೇನಿ?" ಎಂದ ಪರಮೇಶಪ್ಪ.

ಖಲಂದರ ತಲೆ ತಗ್ಗಿಸಿ ಮರಳಿ ಬಂದ. ಅಂದು ಅವನಿಗೆ ತನ್ನ ಮೇಲೆ ಬಂದಷ್ಟು ಹೇಸಿಕೆ ಪರಮೇಶಪ್ಪನ ಮೇಲೂ ಬರಲಿಲ್ಲ.

ಕಾಲು ಮುರಿದ ಮೇಲೆ ಪರಮೇಶಪ್ಪ ನಾಯಿಯನ್ನು ಹೊರಗೆ ಹಾಕಿದ. ಅದು ಕುಂಟುತ್ತ ಖಲಂದರನ ಅಂಗಳಕ್ಕೆ ಬಂತು. ಅವನು ಉಣ್ಣುತ್ತಿದ್ದ. ನಾಯಿಯನ್ನು ಹೊಸ್ತಿಲು ದಾಟಗೊಡದ ಬಾನುಬಿ, ಬಾಗಿಲಲ್ಲಿ ಕೂತು ರೊಟ್ಟಿ ಮುರಿದು ಎಸೆದಳು.

"ಪಿಲಾರ್, ಬಾರವ್ವಾ. ತಿನ್ನು ನನ್ನ ಕೂಸ."

ಆಮೇಲೆ ಗಂಡನತ್ತ ತಿರುಗಿ, "ಎಷ್ಟ್ ಚಂದ ಹೆಸರೈತ್ರಿ. ಮದಲ ನನಗ ಹೇಳಿದ್ರ ನಮಗ ಹುಟ್ಟೂ ಕೂಸಿಗೆ ಇಡತಿದ್ದೆ. ಈಗ ನಾಯಿಗೆ ಹೋತು," ಎಂದಳು.

ಖಲಂದರ ಬಾಯಿಗೆ ಒಯ್ದ ತುತ್ತನ್ನು ಮರಳಿ ತಾಟಿನಲ್ಲಿಟ್ಟ. ಅಂಗಳದಲ್ಲಿ ನಾಯಿ ರೊಟ್ಟಿ ಮುಗಿಸಿ, ಮತ್ತೆ ಕರೆಯುತ್ತಾರೇನೋ ಎಂದು ಬಾಗಿಲ ಕಡೆ ಮುಖವೆತ್ತಿ ಕೂತಿತ್ತು.