ಲಿಯಾಂಡರನ ಸರದಿ

ಚೆಂಡು ಎಸೆಯುವವನು ಬ್ಯಾಟು ಹಿಡಿದು ನಿಲ್ಲಲೇಬೇಕು ಎಂಬ ವಿಷಯದಲ್ಲಿ ಓಥ್ಮರ್ ವೆಲ್ಲೆಯ ಜೊತೆ ವಾದಕ್ಕಿಳಿದು ಗೆದ್ದವರು ಸೇಂಟ್ ಓಡಿಲ್ ಊರಿನಲ್ಲಿ ಯಾರೂ ಇರಲಿಲ್ಲ. ಗೆಲ್ಲುವುದಿರಲಿ, ಅವನ ಬಾಯಿ ಮುಚ್ಚಿಸಿದವರೂ ಇರಲಿಲ್ಲ. ಆ ಚಳಿಗಾಲ ಚರ್ಚಿನ ನೆಲಮಾಳಿಗೆಯಲ್ಲಿ ಸುತ್ತಲ ಊರುಗಳ ಬೇಸ್‌ಬಾಲ್ ಲೀಗಿನ ಸಭೆ ಸೇರಿತ್ತು. ಇನ್ನು ಮುಂದೆ ಚೆಂಡು ಎಸೆಯುವ ಪಿಚರನ ಬದಲು ಬೇರೊಬ್ಬ ಬ್ಯಾಟು ಬೀಸಬಹುದು, ಬೇಕೋ ಬೇಡವೋ ಆಯಾ ತಂಡದ ಇಷ್ಟ ಎಂದು ಹೊಸ ನಿಯಮ ಬಂತು. ವಿರೋಧಿಸಿ ಕೈಯೆತ್ತಿದವನು ಓಥ್ಮರ್ ಒಬ್ಬನೇ. ಹೊರಗೆ ಮಂಡಿಯುದ್ದ ಹಿಮ, ಒಳಗೆ ಇವನ ಭಾಷಣ.

"ಪಿಚರ್ ಬ್ಯಾಟು ಹಿಡಿದ್ರೆ ನೋಡೋಕಾಗಲ್ಲ ಅಂತೀರಿ. ಒಪ್ಪಿದೆ. ನಾನು ಬೀಸೋದು ನೊಣ ಓಡಿಸಿದ ಹಾಗೇ ಇರುತ್ತೆ. ಆದ್ರೆ ಇನ್ನೊಬ್ಬನ ಮೈ ಹತ್ರ ಚೆಂಡು ಎಸೆಯೋನು, ತಾನೂ ಅದೇ ಜಾಗದಲ್ಲಿ ಒಂದು ಗಳಿಗೆ ನಿಲ್ಲಬೇಕು. ನಿಲ್ಲೋ ಭಯ ಇದ್ರೇನೇ ಕೈ ಹಿಡಿತದಲ್ಲಿರೋದು. ಬೆಂಚಲ್ಲಿ ಕೂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗೀತಾ ಇರೋನಿಗೆ ಏನು ಭಯ?"

"ಫಾದರ್ ಭಾನುವಾರ ಇಷ್ಟುದ್ದ ಹೇಳಲ್ಲ ಕಣೋ ಓಟ್, ಕೂತ್ಕೋ," ಎಂದ ಲಿಯಾಂಡರ್ ಫಂಕ್ ಹಿಂದಿನ ಸಾಲಿನಿಂದ. ಎಲ್ಲರೂ ನಕ್ಕರು. ಓಥ್ಮರನೂ ನಕ್ಕ. ಓಥ್ಮರನನ್ನು ಓಟ್ ಎಂದು ಕರೆದು ಹಾಗೆ ಕೂರಿಸುವ ಸಲಿಗೆ ಲಿಯಾಂಡರನಿಗೆ ಮಾತ್ರ ಇತ್ತು.

ಇಬ್ಬರದೂ ಹಾಲು ಕರೆಯುವ ಮನೆ, ಬೇಲಿಯ ಆಚೆ ಈಚೆ. ಶಾಲೆಯ ದಿನಗಳಿಂದ ಓಥ್ಮರ್ ಎಸೆಯುವುದು, ಲಿಯಾಂಡರ್ ಕುಕ್ಕರಗಾಲಿನಲ್ಲಿ ಕೂತು ಹಿಡಿಯುವುದು. ಹಾಗೆ ಕೂತೂ ಕೂತೂ ಲಿಯಾಂಡರನ ಎರಡೂ ಮಂಡಿಗಳು ಸವೆದುಹೋಗಿದ್ದವು. ಚರ್ಚಿನಲ್ಲಿ ಮೊಣಕಾಲೂರಿದರೆ ಏಳಲು ಹೆಂಡತಿ ರೊಸೆಲ್ಲಾಳ ಭುಜ ಬೇಕಾಗುತ್ತಿತ್ತು. ವಸಂತ ಬಂದಾಗ ಅವನು ಕ್ಯಾಚರನ ಕೈಗವಸನ್ನು ಬೇರೊಬ್ಬನಿಗೆ ಒಪ್ಪಿಸಿದ. ಆದರೂ ಪ್ರತಿ ಭಾನುವಾರ ತಂಡದ ಅಂಗಿ ತೊಟ್ಟು, ಬೂಟಿನ ಲಾಡಿ ಬಿಗಿದು, ಬೆಂಚಿನ ಕೊನೆಯಲ್ಲಿ ಬಂದು ಕೂರುವುದನ್ನು ಬಿಡಲಿಲ್ಲ. ಹೊಸ ನಿಯಮ ಹುಟ್ಟಿದ್ದೇ ಇಂಥವನಿಗಾಗಿ ಎಂದು ಊರಿಗೆಲ್ಲ ಗೊತ್ತಿತ್ತು. ಓಡಲಾಗದಿದ್ದರೂ ಅವನ ಬ್ಯಾಟಿಗೆ ಮುಪ್ಪು ಬಂದಿರಲಿಲ್ಲ. ಆದರೆ ಓಥ್ಮರ್ ಬೇಸಿಗೆಯುದ್ದಕ್ಕೂ ತನ್ನ ಬ್ಯಾಟು ಬಿಟ್ಟುಕೊಡಲಿಲ್ಲ, ಲಿಯಾಂಡರ್ ಕೇಳಲೂ ಇಲ್ಲ.

ಆಗಸ್ಟಿನ ಕೊನೆಯ ಪಂದ್ಯದ ದಿನ ಓಥ್ಮರ್ ಮೈದಾನಕ್ಕೆ ಬಂದವನೇ ಮ್ಯಾನೇಜರ್ ಸಿಲ್ವೆಸ್ಟರನ ಮುಂದೆ ನಿಂತ. ಬೆಣ್ಣೆ ಕಾರ್ಖಾನೆಯ ಸಿಲ್ವೆಸ್ಟರ್ ಹೊಟ್ಟೆಯ ಮೇಲೆ ಅಂಗಿ ಎಳೆದುಕೊಳ್ಳುತ್ತಿದ್ದ.

"ಇವತ್ತು ನನ್ನ ಬದಲು ಲಿಯಾಂಡರ್ ಬ್ಯಾಟ್ ಮಾಡ್ಲಿ."

"ಏನು, ಜ್ವರ ಗಿರ ಬಂದಿದ್ಯಾ?"

"ಬರೋ ವಾರ ಅವನ ಮಂಡಿ ಕುಯ್ತಾರೆ. ಆಮೇಲೆ ಅವನು ಬ್ಯಾಟು ಎಲ್ಲಿ ಹಿಡೀತಾನೆ? ಒಂದು ದಿನ. ಸುಮ್ನೆ ಹಾಕು."

ಲಿಯಾಂಡರ್ ಕೇಳಿಸಿಕೊಂಡ. ಥ್ಯಾಂಕ್ಸ್ ಗೀಂಕ್ಸ್ ಹೇಳುವ ಜಾತಿಯವನಲ್ಲ. ತನ್ನ ಹಳೆಯ ಕರಿ ಬ್ಯಾಟನ್ನು ಎತ್ತಿಕೊಂಡು ಅಂಗಿಯ ತುದಿಯಿಂದ ಒರೆಸತೊಡಗಿದ. ಒರೆಸುವುದಕ್ಕೆ ಅದರ ಮೇಲೆ ಧೂಳೇ ಇರಲಿಲ್ಲ.

ಎದುರಾಳಿಗಳು ಪಕ್ಕದ ಲೂಥರ್ ಗ್ರೋವಿನವರು. ಅವರ ಪಿಚರ್ ಕ್ರೇಗ್ ಡೊನೆ ಹೊಸಬ, ಆ ವರ್ಷವೇ ಕಾಲೇಜು ಮುಗಿಸಿದವನು. ಅವನ ಅಣ್ಣ ಡ್ವೇನ್ ಅದೇ ತಂಡದ ಭಾರೀ ಹೊಡೆತಗಾರ. ಲಿಯಾಂಡರ್ ಮೊದಲ ಸಲ ಹೊಡೆದ ಚೆಂಡು ನೇರ ಹಿಡಿಯುವವನ ಕೈಗೇ ಹೋಯಿತು. ಎರಡನೇ ಸಲ ಹೊಡೆದದ್ದು ಹೊಡೆತವೆಂದರೆ ಹೊಡೆತ. ಜೋಳದ ಹೊಲದ ಕಡೆಯ ಬೇಲಿಯ ಬುಡಕ್ಕೆ ಬಡಿದು ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಮೈದಾನದ ಮೂಲೆಗಳ ಬೇಸುಗಳಲ್ಲಿ ಎರಡನ್ನು ಓಡಿ ಮುಟ್ಟುತ್ತಿದ್ದರು. ಇವನು ಕುಂಟುತ್ತಾ, ಹಲ್ಲು ಕಚ್ಚಿ, ಮೊದಲ ಬೇಸನ್ನು ಹೇಗೋ ತಲುಪಿ ನಿಂತ. ಊರಿಗೆ ಊರೇ ಎದ್ದು ಚಪ್ಪಾಳೆ ತಟ್ಟಿತು. ರೊಸೆಲ್ಲಾ ಮಾತ್ರ ಕೂತೇ ಇದ್ದಳು, ಕೈಯಲ್ಲಿದ್ದ ಕರವಸ್ತ್ರ ಬಾಯಿಗೆ ಒತ್ತಿಕೊಂಡು. ಬೆಂಚಿನಲ್ಲಿದ್ದ ಓಥ್ಮರನಿಗೆ ಇಡೀ ಬೇಸಿಗೆ ತಾನೆಂಥ ಮೊಂಡನಾಗಿದ್ದೆ ಎನಿಸಿತು.

ಆರನೇ ಇನ್ನಿಂಗ್ಸಿನಲ್ಲಿ ಅದು ನಡೆಯಿತು. ಸೆಕೆಗೆ ಬೆವರು ಕೈಯಿಂದ ಇಳಿಯುತ್ತಿತ್ತು. ಓಥ್ಮರ್ ಎಸೆದ ಚೆಂಡು ಬೆರಳಿನಿಂದ ಜಾರಿ ಡ್ವೇನನ ಪಕ್ಕೆಗೆ ಹೋಗಿ ಬಡಿಯಿತು. ಮೂಟೆ ಬಿದ್ದಂಥ ಸದ್ದು. ಅಷ್ಟು ದೊಡ್ಡ ಆಳು ಮಂಡಿಯೂರಿ ಕುಸಿದ. ಲೂಥರ್ ಗ್ರೋವಿನ ಬೆಂಚು ಎದ್ದು ನಿಂತಿತು.

"ಬ್ಯಾಟ್ ಹಿಡಿಯೋ ಹಾಗಿಲ್ಲ ಅಂತ ಧೈರ್ಯ ಬಂತೇನೋ ಮುದುಕ!" ಎಂದು ಅಲ್ಲಿಂದ ಯಾರೋ ಕೂಗಿದರು.

ಆ ಮಾತು ಓಥ್ಮರನ ಎದೆಗೆ ನಾಟಿತು. ಚರ್ಚಿನ ನೆಲಮಾಳಿಗೆಯಲ್ಲಿ ತಾನಾಡಿದ ಮಾತೇ ತಿರುಗಿ ತನ್ನ ಮುಖಕ್ಕೆ ಬಂದಿತ್ತು. ನಮ್ಮ ಕಡೆ ಎಲ್ಲೂ ಬರೆದಿಡದ ಒಂದು ನ್ಯಾಯವಿದೆ. ನಿಮ್ಮ ಪಿಚರ್ ನಮ್ಮವನಿಗೆ ಹೊಡೆದರೆ, ಅವನು ಬ್ಯಾಟು ಹಿಡಿದು ಬಂದಾಗ ನಮ್ಮ ಪಿಚರ್ ಅವನಿಗೆ ಹೊಡೆಯುತ್ತಾನೆ. ತೊಡೆಗೆ, ಪಕ್ಕೆಗೆ, ತಲೆಗಲ್ಲ. ಬೇಕೆಂದೇ ಹೊಡೆದದ್ದೋ ಜಾರಿದ್ದೋ ಯಾರೂ ಕೇಳುವುದಿಲ್ಲ. ತಿಂದವನು ಉಜ್ಜಿಕೊಳ್ಳದೆ ಮೊದಲ ಬೇಸಿಗೆ ನಡೆಯುತ್ತಾನೆ, ಸಂಜೆ ಎಲ್ಲರೂ ಒಟ್ಟಿಗೆ ಬಿಯರ್ ಕುಡಿಯುತ್ತಾರೆ. ಡ್ವೇನ್ ಎದ್ದು ಹಾಗೇ ನಡೆದ. ಈಗ ಓಥ್ಮರನ ಪಾಲಿನದು ಬರಬೇಕಿತ್ತು. ಆದರೆ ಓಥ್ಮರನ ಜಾಗದಲ್ಲಿ ನಿಲ್ಲುವವನು ಲಿಯಾಂಡರ್. ಮೈಮೇಲೆ ಬರುವ ಚೆಂಡಿಗೆ ಪಕ್ಕಕ್ಕೆ ಹಾರಲಾರದವನು.

ಇನ್ನಿಂಗ್ಸ್ ಹೇಗೆ ಮುಗಿಸಿದನೋ ಓಥ್ಮರನಿಗೇ ತಿಳಿಯಲಿಲ್ಲ. ನಮ್ಮವರು ಬ್ಯಾಟಿಗೆ ಬಂದಾಗ ಮೊದಲ ಸರದಿಯೇ ಲಿಯಾಂಡರನದು. ಓಥ್ಮರ್ ಬೆಂಚಿಗೆ ಬಂದವನೇ ಹೆಲ್ಮೆಟ್ ತೆಗೆದು ತಲೆಗೆ ಹಾಕಿಕೊಂಡ.

"ಎಲ್ಲಿಗೆ?" ಎಂದ ಸಿಲ್ವೆಸ್ಟರ್. "ನಿಯಮ ಗೊತ್ತಲ್ಲ? ಬದಲಿಯವನ ಸರದಿ ನೀನು ತಗೊಂಡ್ಯೋ, ಅವನ ಆಟ ಅಲ್ಲಿಗೆ ಮುಗೀತು. ಇವತ್ತು ಮತ್ತೆ ಒಳಗೆ ಬರೋ ಹಾಗಿಲ್ಲ."

"ಗೊತ್ತು."

ಲಿಯಾಂಡರ್ ಆಗಲೇ ಮೈದಾನದ ಅಂಚಿನಲ್ಲಿ ನಿಂತು ಬ್ಯಾಟು ತೂಗಾಡಿಸುತ್ತಿದ್ದ.

"ಬ್ಯಾಟು ಕೊಡು," ಎಂದ ಓಥ್ಮರ್.

"ಯಾಕೆ?"

"ಯಾಕೆ ಅಂತ ನಿಂಗೆ ಗೊತ್ತು. ಅವನ ಅಣ್ಣನಿಗೆ ಹೊಡೆದಿದೀನಿ. ಬಿಡ್ತಾನಾ?"

"ಹೊಡೀಲಿ ಬಿಡು. ಎಷ್ಟು ತಿಂದಿಲ್ಲ ನಾನು, ನಿನ್ನ ಚೆಂಡು ಹಿಡಿದೂ ಹಿಡಿದೂ."

"ಮಂಡಿಗೆ ಬಿದ್ರೆ?"

"ಹೇಗಿದ್ರೂ ಬರೋ ವಾರ ಕುಯ್ಯೋರೇ ಅಲ್ವಾ. ಅವರಿಗೂ ಅರ್ಧ ಕೆಲಸ ಕಮ್ಮಿ."

"ತಮಾಷೆ ಬೇಡ ಮಾರಾಯ. ಹೊಡೆದೋನು ನಾನು. ತಿನ್ನೋನೂ ನಾನೇ."

ಲಿಯಾಂಡರ್ ಬ್ಯಾಟು ತೂಗಾಡಿಸುವುದನ್ನು ನಿಲ್ಲಿಸಿದ. "ಓಟ್, ಇದು ನಂದು. ನೀನೇ ಕೊಟ್ಟಿದ್ದು."

ಓಥ್ಮರನಿಗೆ ಅವನ ಕಣ್ಣು ನೋಡಲಾಗಲಿಲ್ಲ. ನೋಡಿದ್ದರೆ ಬಹುಶಃ ಹಿಂದಿರುಗುತ್ತಿದ್ದನೇನೋ. ನೇರ ಅಂಪೈರನ ಹತ್ತಿರ ಹೋಗಿ, ನನ್ನ ಸರದಿ ನಾನೇ ಆಡುತ್ತೇನೆ ಎಂದ. ಅಂಪೈರ್ ಕಾಗದದಲ್ಲಿ ಗೀಟು ಹಾಕಿದ. ಅಲ್ಲಿಗೆ ಆಯಿತು. ತಿರುಗಿ ಬಂದಾಗ ಲಿಯಾಂಡರ್ ಬ್ಯಾಟಿನ ಹಿಡಿಯನ್ನು ಮುಂದಕ್ಕೆ ಚಾಚಿ, ಜೋಳದ ಹೊಲದ ಕಡೆ ಮುಖ ಮಾಡಿ ನಿಂತಿದ್ದ.

ಓಥ್ಮರ್ ಹೋಗಿ ನಿಂತ. ಅಪ್ಪಿತಪ್ಪಿಯೂ ಹಿಂದೆ ಸರಿಯಬಾರದೆಂದು ಬೇಕಾದ್ದಕ್ಕಿಂತ ಹತ್ತಿರವೇ ನಿಂತ. ಪಿಚರ್ ನಿಲ್ಲುವ ಮಣ್ಣಿನ ದಿಬ್ಬದ ಮೇಲೆ ಕ್ರೇಗ್ ಕೈ ಎತ್ತಿದ. ಓಥ್ಮರ್ ಉಸಿರು ಬಿಗಿಹಿಡಿದು ಭುಜ ತಿರುಗಿಸಿದ, ಪಕ್ಕೆ ಒಪ್ಪಿಸಿದ. ಚೆಂಡು ನಟ್ಟನಡುವೆ ಸಾಗಿ ಕ್ಯಾಚರನ ಕೈ ಸೇರಿತು. ಮೊದಲನೆಯದರಲ್ಲಿ ಹೊಡೆದರೆ ಅಂಪೈರ್ ಹೊರಗೆ ಹಾಕುತ್ತಾನೆಂದು ಕಾಯುತ್ತಿದ್ದಾನೆ ಎಂದುಕೊಂಡ ಓಥ್ಮರ್. ಎರಡನೆಯದೂ ನಡುವಿನಲ್ಲೇ ಹೋಯಿತು. ಈಗ ಬಂತು ಎಂದು ಕಣ್ಣು ಕಿರಿದು ಮಾಡಿ ನಿಂತ. ಮೂರನೆಯದು ಬಂದಾಗಲೂ ಅವನ ಬ್ಯಾಟು ಹೆಗಲ ಮೇಲೇ ಇತ್ತು. ಚೆಂಡು ತಿನ್ನಲು ಬಂದವನಿಗೆ ಚೆಂಡು ಹೊಡೆಯುವುದೇ ಮರೆತುಹೋಗಿತ್ತು.

"ಮೂರಾಯ್ತು, ಔಟ್," ಎಂದ ಅಂಪೈರ್.

ಕೊನೆಯ ಇನ್ನಿಂಗ್ಸಿನಲ್ಲಿ ಅದೇ ಸರದಿ ಮತ್ತೊಮ್ಮೆ ಬಂತು. ಮೂರನೇ ಬೇಸಿನಲ್ಲಿ ನಮ್ಮವನೊಬ್ಬ ನಿಂತಿದ್ದ, ಒಂದು ಓಟ ಬಂದರೆ ಸಮ, ಇನ್ನೊಬ್ಬ ಔಟಾದರೆ ಪಂದ್ಯವೇ ಮುಗಿಯಿತು. ಕ್ರೇಗ್ ಮತ್ತೆ ನೇರವಾಗಿಯೇ ಎಸೆದ. ಓಥ್ಮರ್ ಈ ಸಲ ಬೀಸಿದ, ಮೂರೂ ಸಲ ಗಾಳಿಗೆ. ಸೇಂಟ್ ಓಡಿಲ್ ಸೋತಿತು. ಬೆಂಚಿನ ಕೊನೆಯಲ್ಲಿ ಲಿಯಾಂಡರ್ ಬೂಟಿನ ಲಾಡಿ ಬಿಚ್ಚುತ್ತಿದ್ದ.

ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ನಡೆದು ಕೈ ಕುಲುಕುವುದು ರೂಢಿ. ಓಥ್ಮರ್ ಕ್ರೇಗನ ಕೈ ಹಿಡಿದವನು ಬಿಡಲಿಲ್ಲ.

"ಯಾಕೆ ಹೊಡೀಲಿಲ್ಲ ನೀನು?"

"ಯಾರಿಗೆ?"

"ನಂಗೆ. ನಿನ್ನ ಅಣ್ಣನಿಗೆ ಹೊಡೆದೆನಲ್ಲ."

ಕ್ರೇಗ್ ನಿಜಕ್ಕೂ ಅರ್ಥವಾಗದವನಂತೆ ನೋಡಿದ. "ನಿಮ್ಮ ಕೈ ಜಾರಿದ್ದು ನಾನೇ ನೋಡಿದೆ. ಇಂಥ ಸೆಕೇಲಿ ನಂಗೂ ಜಾರುತ್ತೆ. ಅದಕ್ಕೆ ಹೊಡೆಯೋದು ಅಂದ್ರೆ?" ನಂತರ ಬೆಂಚಿನ ಕಡೆ ಕತ್ತು ಚಾಚಿ ಕೇಳಿದ, "ಆ ಮಂಡಿ ನೋವಿನವರು ಯಾಕೆ ಬರ್ಲಿಲ್ಲ? ಏನಾದ್ರೂ ಆಯ್ತಾ? ಹಿಂದಿನ ಸಲ ನನ್ನ ಚೆಂಡು ಹೆಂಗೆ ಬಾರಿಸಿದ್ರು. ಇನ್ನೊಂದು ಸಲ ಬರ್ಲಿ, ಔಟ್ ಮಾಡೇ ಮಾಡ್ತೀನಿ ಅಂತ ಕಾಯ್ತಾ ಇದ್ದೆ."

ಓಥ್ಮರ್ ಅವನ ಕೈ ಬಿಟ್ಟ. ಲಿಯಾಂಡರನನ್ನು ಹುಡುಕಿಕೊಂಡು ಹೊರಟ.

ಲಿಯಾಂಡರ್ ತನ್ನ ಪಿಕಪ್ ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ರೊಸೆಲ್ಲಾ ಓಥ್ಮರ್ ಬರುವುದನ್ನು ಕಂಡು, ಮುಂದೆ ಹೋಗಿ ಸ್ಟೀರಿಂಗ್ ಹಿಡಿದು ಕೂತಳು.

"ಅವನು ಹೊಡೀತಿರ್ಲಿಲ್ವಂತೆ," ಎಂದ ಓಥ್ಮರ್.

"ಹೌದಾ."

"ನಂಗೇನು ಗೊತ್ತು ಲಿಯಾಂಡರ್? ಯಾವಾಗ್ಲೂ ಹೊಡೀತಿದ್ರು. ನಿಂಗೆ ಪೆಟ್ಟಾಗಬಾರ್ದು ಅಂತ ತಾನೇ ನಾನು..."

"ಗೊತ್ತು ಕಣೋ. ಅದೆಲ್ಲ ಗೊತ್ತು." ಲಿಯಾಂಡರನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಓಥ್ಮರನಿಗೆ ಸುಲಭವಾಗುತ್ತಿತ್ತು. "ಅವನು ಹೊಡೀತಿದ್ನೋ ಇಲ್ವೋ, ಅದಲ್ಲ ಓಟ್. ಹೊಡೆದಿದ್ರೆ ಆ ಪೆಟ್ಟೂ ನಂದೇ ಆಗಿರ್ತಿತ್ತು. ತಿಂದು, ಕುಂಟ್ಕೊಂಡು ಮೊದಲ ಬೇಸಿಗೆ ಹೋಗಿ ನಿಂತ್ಕೋತಿದ್ದೆ. ಅಷ್ಟೂ ಕೊಡ್ಲಿಲ್ಲ ನೀನು."

ಅತ್ತ ಬಿಯರ್ ಡಬ್ಬಿ ತೆರೆಯುವ ಸದ್ದು, ಡ್ವೇನ್ ಪಕ್ಕೆ ಹಿಡಿದುಕೊಂಡು ನಗುವ ಸದ್ದು ಕೇಳುತ್ತಿತ್ತು.

"ಬ್ಯಾಟು ಕೊಡು," ಎಂದ ಲಿಯಾಂಡರ್.

ಆಗಲೇ ಓಥ್ಮರನಿಗೆ ಗೊತ್ತಾದದ್ದು, ಅಷ್ಟು ಹೊತ್ತೂ ಅದು ತನ್ನ ಕೈಯಲ್ಲೇ ಇತ್ತೆಂದು. ಕೊಟ್ಟ. ಲಿಯಾಂಡರ್ ಅದನ್ನು ಅಂಗಿಯ ತುದಿಯಿಂದ ಒರೆಸಿ, ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಹೊರಡು ಎಂದು ಗಾಡಿಯ ಮೈಗೆ ಎರಡು ಸಲ ತಟ್ಟಿದ.