ಅತ್ತೆಗೆ ಯಾವ ಭಾಷೆಯಲ್ಲಿ ಅಳಲಿ

ನೊಣ, ಅತ್ತೆ ತಿಪ್ಪಮ್ಮನ ಕೆನ್ನೆಯ ಮೇಲೆ ಕೂತಿದೆ, ಯಾರೂ ಓಡಿಸುತ್ತಿಲ್ಲ, ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ — ಈ ಮನೆತನದಲ್ಲಿ ಹಿರಿಯ ಸೊಸೆ ಹಾಡ್ಯಾಡಿ ಅಳದೆ ಹೆಣ ಎತ್ತುವಂತಿಲ್ಲ, ಬೆಳುಗುಪ್ಪದ ಬಿಸಿಲಲ್ಲಿ ಚಟ್ಟ ಕಟ್ಟಿಕೊಂಡು ಕಾಯುತ್ತಿದ್ದಾರೆ, ಕಾಯಲಿ. ನಾದಿನಿ ನರಸಕ್ಕ ಕಿವಿಯ ಹತ್ತಿರ ಬಂದು, ವದಿನಾ, ತೆಲುಗಿನಾಗ ಅಳ್ರಿ, ನಿಮ್ಮ ಕನ್ನಡ ಬಂದೋರಿಗೆ ನಾಟಲ್ಲ, ಅನ್ನುತ್ತಾಳೆ. ನಾಟಲ್ಲವಂತೆ, ಮೊನ್ನೆ ನನ್ನ ರೇಷ್ಮೆ ಸೀರೆ ಕೇಳುವಾಗ ಇವಳಿಗೆ ಕನ್ನಡ ಚೆನ್ನಾಗಿಯೇ ನಾಟಿತ್ತು. ಬರಲಾಗದವರಿಗೆ ಫೋನಿನಲ್ಲಿ ವಿಡಿಯೊ ಬೇರೆ ಕಳಿಸಬೇಕಂತೆ. ಅಳುವುದೇನು ತಹಸೀಲ್ದಾರರ ಮುಂದೆ ಹೇಳಿಕೆಯೇ, ಅವರು ಕೇಳಿದ ಭಾಷೆಯಲ್ಲಿ ಕೊಡಲು. ಡಿ. ಹಿರೇಹಾಳಿನಲ್ಲಿ ನಮ್ಮವ್ವ ಸತ್ತಾಗ ನಾನು ಅತ್ತದ್ದಕ್ಕೆ ಬೀದಿಯೇ ನಿಂತಿತ್ತು, ತವರಿನ ಬಾಗ್ಲಿಗೆ ಮುಳ್ಳು ಹಚ್ಚಿ ಹ್ವಾದ್ಯಾ ನನ್ನವ್ವಾ ಅಂದಿದ್ದೆ, ಅದನ್ನು ತೆಲುಗಿಗೆ ತಿರುಗಿಸಲಿ ನೋಡೋಣ, ತವರು ಅಂದರೆ ಅವರಿಗೆ ಪುಟ್ಟಿನಿಲ್ಲು, ಹುಟ್ಟಿದ ಮನೆ, ಅಷ್ಟೇ, ವಿಳಾಸ ಹೇಳಿದ ಹಾಗೆ. ಶಾಲೆಯ ಲಕ್ಷ್ಮೀನರಸಪ್ಪ ಮೇಷ್ಟ್ರು ಹೇಳುತ್ತಿದ್ದರು, ಎರಡೂ ಒಂದೇ ಬಳ್ಳಿಯವು, ಹಿಂದೆ ನಾವೂ ಪಾಲು, ಪುಲಿ ಅನ್ನುತ್ತಿದ್ದೆವು, ಆಮೇಲೆ ನಮ್ಮ ಪ ಹೋಗಿ ಹ ಆಯಿತು, ಅವರದು ಹಾಗೇ ಉಳಿಯಿತು, ನಮ್ಮ ಹೆಣ, ಅವರ ಪೀನುಗ. ಬಳ್ಳಿ ಒಂದಾದರೇನು, ಈ ಮುದುಕಿ ನನ್ನನ್ನು ಒಂದು ದಿನವಾದರೂ ಹಾಗೆ ಕಂಡಳೇ, ಮನೆ ತುಂಬಿದ ದಿನವೇ, ಹಗರಿ ಹೊಳೆ ದಾಟಿ ಬಂದಿದ್ದೀಯ, ನಿನ್ನ ಕನ್ನಡ ಆಚೆ ದಡದಲ್ಲೇ ಇರಲಿ ಅಂದವಳು.

ಕನ್ನಡದಲ್ಲೇ ಅಳುತ್ತೇನೆ, ಯಾರೇನು ಮಾಡುತ್ತಾರೋ ಮಾಡಲಿ, ಬಾಯಿ ತೆರೆದೆ, ಅತ್ತೀ ಅನ್ನಬೇಕು — ಬರಲಿಲ್ಲ. ಈ ಮುಖವನ್ನು ನಾನು ಎಂದೂ ಕನ್ನಡದಲ್ಲಿ ಕರೆದಿಲ್ಲ. ಅತ್ತಮ್ಮಾ, ಅದೇ ಬಂತು, ಅದರ ಹಿಂದೆಯೇ ತೆಲುಗು, ಬೈಗುಳ, ಸಂತೆಯ ಚೌಕಾಸಿ, ಕೂಸಿಗೆ ಎಣ್ಣೆ ತಿಕ್ಕುವಾಗಿನ ಮುದ್ದು, ನನಗೆ ಬರುವ ತೆಲುಗೆಲ್ಲ ಈ ಅತ್ತೆಯ ಬಾಯಿಂದ ಬಂದದ್ದು, ಅದಕ್ಕೆ ಬೇರೆ ಮೂಲವೇ ಇಲ್ಲ. ಅಳ್ತೀರೋ ಇಲ್ಲೋ ಅನ್ನುತ್ತಾಳೆ ನರಸಕ್ಕ, ಸುಮ್ಕಿರವ್ವ ನೀನು. ಮದುವೆಯಾದ ಹೊಸದು, ಒಲೆಯ ಮುಂದೆ, ಹುಣಸೆಹಣ್ಣು ಕೊಡ್ರಿ ಅಂದರೆ ಅತ್ತೆ ಕೊಡಲಿಲ್ಲ, ಮುಷ್ಟಿಯಲ್ಲಿ ಹಿಡಿದು ಕೂತಳು, ತೆಲುಗಿನಲ್ಲಿ ಚಿಂತಪಂಡು ಅನ್ನಬೇಕು, ಅವಳಿಗೂ ಹಟ ನನಗೂ ಹಟ, ಬೇಳೆ ಉಕ್ಕಿ ಒಲೆ ಆರಿತು, ಕೊನೆಗೆ ಅಂದೆ, ಮುಷ್ಟಿ ತೆರೆಯಿತು, ಅವಳು ನಕ್ಕಳು, ನನಗೂ ನಗು — ಅತ್ತಮ್ಮಾ, ಚೆಪ್ಪು, ಇಂಕೇಮನಾಲಿ, ಇನ್ನೇನು ಅನ್ನಬೇಕು ಹೇಳು, ಅನ್ನುತ್ತೇನೆ — ಮುಷ್ಟಿ, ಬೆರಳ ಸಂದಿಯಲ್ಲಿ ಹುಣಸೆಯ ನಾರು ಇಳಿಬಿದ್ದ ಮುಷ್ಟಿ, ಇನ್ನು ತೆರೆಯದ ಮುಷ್ಟಿ —